ರುದ್ರವ್ವ ತಡೆದಿಟ್ಟ ಮಾತು

ತಿಕೋಟಾದ ಮಡಿವಾಳರ ರುದ್ರವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಮೂವತ್ತೆರಡು ಮನೆಗಳ ಬಟ್ಟೆಯನ್ನು ಒಂದೇ ರಾಶಿ ಮಾಡಿ ಸುರಿದರೂ ಯಾವುದು ಯಾರದೆಂದು ತಡವರಿಸದೆ ಹೇಳುತ್ತಿದ್ದಳು. ಪಟ್ಟಣದ ಅಗಸರು ಬಟ್ಟೆಯ ಮೂಲೆಗೆ ಮಸಿಯ ಗುರುತು ಹಾಕುತ್ತಾರೆಂದು ಯಾರೋ ಹೇಳಿದಾಗ ಅವಳಿಗೆ ನಗು ಬಂದಿತ್ತಂತೆ. ‘ಮಂದಿ ಮಾರಿ ನೆನಪಿರತೈತಿ, ಅವರ ಅರಿವಿ ನೆನಪಿರೂದಿಲ್ಲೇನ?’ ಎಂದು ಕೇಳಿದ್ದಳು.

ಅವಳು ನಮಗೆ ನೆಂಟಳಲ್ಲ. ನನ್ನ ತಾಯಿ ಗೌರಾಬಾಯಿಯ ತವರುಮನೆಯ ಬಟ್ಟೆ ಒಗೆಯುತ್ತಿದ್ದವಳು. ನಾನು ಮೂವತ್ತೊಂದು ವರ್ಷ ದವಾಖಾನೆಗಳಲ್ಲಿ ನರ್ಸ್ ಆಗಿ ದುಡಿದೆ; ದೊಡ್ಡ ದೊಡ್ಡ ಡಿಗ್ರಿಯ ಡಾಕ್ಟರುಗಳ ಹಿಂದೆ ಟ್ರೇ ಹಿಡಿದು ಓಡಾಡಿದೆ. ಹಳ್ಳದ ದಂಡೆಯಲ್ಲಿ ಕೂತು, ಧೋತರದ ಕಲೆ ನೋಡಿ ಕ್ಯಾನ್ಸರ್ ಗುರುತು ಹಿಡಿದ ಇನ್ನೊಬ್ಬರನ್ನು ಮಾತ್ರ ಕಾಣಲಿಲ್ಲ. ಹಾಗೆಂದು ಒಮ್ಮೆ ಊಟದ ಹೊತ್ತಿನಲ್ಲಿ ಹೇಳಿದ್ದಕ್ಕೆ ಒಬ್ಬ ಸರ್ಜನ್ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ. ಅವರಿಗೆ ಮನೆಯಲ್ಲಿ ಬಟ್ಟೆ ಒಗೆದು ಗೊತ್ತಿರಲಿಲ್ಲ.

ಮಡಿವಾಳರಿಗೆ ಊರಿನ ಒಳಗುಟ್ಟು ಬೇಡವೆಂದರೂ ತಿಳಿಯುತ್ತದೆ. ಯಾರ ಮನೆಯ ಗಂಡ ಕಟ್ಟೆಯ ಮೇಲೆ ಮಲಗುತ್ತಿದ್ದಾನೆ, ಯಾವ ಮುದುಕನಿಗೆ ರಾತ್ರಿ ಹಾಸಿಗೆ ಒದ್ದೆಯಾಗುತ್ತದೆ, ಯಾವ ಸೊಸೆ ಈ ತಿಂಗಳು ಹೊರಗಾಗಿಲ್ಲ ಎಂಬುದೆಲ್ಲ ಅತ್ತೆಗಿಂತ ಎಂಟು ದಿನ ಮೊದಲೇ ರುದ್ರವ್ವನಿಗೆ ಗೊತ್ತು. ಗೊತ್ತಿದ್ದದ್ದನ್ನು ಆಡಬಾರದು. ಹಳ್ಳದಲ್ಲಿ ಕಂಡದ್ದು ಹಳ್ಳದಲ್ಲೇ ಹರಿದುಹೋಗಬೇಕು ಎಂದು ಅವಳ ಅತ್ತೆ ಕಲಿಸಿದ್ದಳು. ರುದ್ರವ್ವ ಅದನ್ನೇ ತನ್ನ ಮಗಳು ಸೋನಾಬಾಯಿಗೆ ಕಲಿಸಿದ್ದಳು. ಬಾಯಿ ಬಿಡುವ ಅಗಸಗಿತ್ತಿಗೆ ಬಟ್ಟೆಯ ಗಂಟು ಕೊಡುವವರು ಯಾರು? ಸುಗ್ಗಿಯಲ್ಲಿ ವರ್ಷದ ಕೂಲಿಯಾಗಿ ಜೋಳದ ಆಯ ಕೊಡುವವರು ಯಾರು?

ಈ ನಿಯಮಕ್ಕೆ ಒಂದೇ ರಿಯಾಯಿತಿ ಇತ್ತು. ಹೆಣ್ಣು ತರುವ ಮುಂಚೆ ಗಂಡಿನ ಕಡೆಯವರು ಹೆಣ್ಣಿನ ಮನೆಯ ಮಡಿವಾಳಗಿತ್ತಿಯನ್ನು ಕೇಳಿಸುತ್ತಿದ್ದರು. ಮೈಮೇಲೆ ತೊನ್ನು ಇದೆಯೇ, ಕುಷ್ಠ ಇದೆಯೇ, ಮೂರ್ಛೆರೋಗ ಇದೆಯೇ ಎಂದು. ಅದಕ್ಕೆ ಅವಳು ಸುಳ್ಳು ಹೇಳಬಾರದು. ಜಾತಕಕ್ಕಿಂತ ಅವಳ ಮಾತು ಗಟ್ಟಿ.

ಆಡಬಾರದೆಂಬ ನಿಯಮವನ್ನು ತಾನು ಪಾಲಿಸಿದ್ದರಿಂದಲೇ ಒಬ್ಬ ಮನುಷ್ಯ ಸತ್ತಿದ್ದ ಎಂದು ರುದ್ರವ್ವ ನಂಬಿದ್ದಳು. ಮಠದ ಈರಯ್ಯ ಎಂಬವರ ಧೋತರದಲ್ಲಿ, ನಡುವಿನ ಬಲಮಗ್ಗುಲಿಗೆ, ನಿರಿಗೆ ಸುತ್ತಿ ಬಿಗಿಯುವ ಜಾಗದಲ್ಲೇ, ಒಂದು ಕಲೆ ಬರುತ್ತಿತ್ತು. ಮೊದಲು ಹಳದಿ, ಆಮೇಲೆ ಕಂದು, ಆಮೇಲೆ ನೆತ್ತರು. ಎರಡು ವರ್ಷ ವಾರವಾರವೂ ಅದೇ ಜಾಗದಲ್ಲಿ ಬಂತು. ವಾರದಿಂದ ವಾರಕ್ಕೆ ಒಂದು ಎಳೆಯಷ್ಟು ದೊಡ್ಡದಾಯಿತು. ಗಾಯದ ಕಲೆಯಾದರೆ ಹೀಗೆ ಇರುವುದಿಲ್ಲ, ಬರುತ್ತದೆ, ಹೋಗುತ್ತದೆ. ಇದು ಹೋಗಲೇ ಇಲ್ಲ. ಅವಳು ಒಗೆದಳು, ಒಣಗಿಸಿದಳು, ಮಡಚಿ ಕೊಟ್ಟಳು. ಕೊನೆಗೆ ಈರಯ್ಯನವರ ತೊಡೆಸಂದಿಯಲ್ಲಿ ಗಂಟು ಎದ್ದು ಒಡೆದು, ಮನೆಯವರೇ ಹತ್ತಿರ ಹೋಗಲಾರದಷ್ಟು ನಾತ ಬಂದು, ತೀರಿಕೊಂಡರು. ಇದು ಆದದ್ದು ಎರಡನೆಯ ಮಹಾಯುದ್ಧ ಶುರುವಾಗುವ ನಾಲ್ಕು ವರ್ಷ ಮೊದಲು.

ಹತ್ತು ವರ್ಷದ ಮೇಲೆ, ನಲವತ್ತೈದರ ಶ್ರಾವಣದಲ್ಲಿ, ಅದೇ ಜಾಗದಲ್ಲಿ ಅದೇ ಹಳದಿ ಕಲೆ ಇನ್ನೊಂದು ಧೋತರದಲ್ಲಿ ಬಂತು. ಆ ಧೋತರ ಶಿವಯೋಗೆಪ್ಪನದು, ಅಂದರೆ ನನ್ನ ತಾಯಿಯ ತಂದೆಯದು.

ನನ್ನ ಅಜ್ಜ ಕುಸುಬಿ ವ್ಯಾಪಾರ ಮಾಡುತ್ತಿದ್ದ. ಎತ್ತರದ ಆಳು. ನಡ ಕಟ್ಟಿ ನಿಂತರೆ ಕೆಲಸ ಅರ್ಧ ಮುಗಿದಂತೆ ಎನ್ನುವ ಜಾತಿಯವನು. ಧೋತರವನ್ನು ಎಷ್ಟು ಬಿಗಿಯುತ್ತಿದ್ದನೆಂದರೆ ಸಂಜೆ ಬಿಚ್ಚಿದಾಗ ಮೈಮೇಲೆ ಹಗ್ಗದ ಗೆರೆ ಮೂಡಿರುತ್ತಿತ್ತು. ಮೇಲಾಗಿ ಅದು ಕಂಟ್ರೋಲ್ ಕಾಲ. ರೇಷನ್ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಗೋಣಿಚೀಲದ ತಮ್ಮನಂಥ ಅರಿವೆ. ಅದೂ ಎಣಿಸಿ ಎರಡು. ಅವನ್ನೇ ವರ್ಷವಿಡೀ ತಿರುಗಿಸಿ ಉಡಬೇಕು.

ಮೂರು ನಾಲ್ಕು ವರ್ಷದಿಂದಲೇ ಅವನ ಸೊಂಟದ ಸುತ್ತ ಬೆರಳಗಲದ ಬಿಳಿ ಪಟ್ಟೆ ಎದ್ದಿತ್ತು. ಆ ಬಿಳುಪನ್ನು ಕಂಡ ದಿನವೇ ಅಜ್ಜ ತೊನ್ನು ಎಂದುಕೊಂಡ. ಬಾವಂಚಿ ಬೀಜ ಅರೆದು ಹಚ್ಚಿದ. ಆಮೇಲೆ ಬಲಮಗ್ಗುಲಿಗೆ ಚರ್ಮ ದಪ್ಪವಾಗಿ ಒಡೆದು ಹುಣ್ಣಾದಾಗ ತೊನ್ನಲ್ಲ, ಕುಷ್ಠವೇ ಎಂದು ತೀರ್ಮಾನಿಸಿದ. ಅದಕ್ಕೆ ಮೈಲುತುತ್ತ ಒತ್ತಿದ. ಆ ಮೈಲುತುತ್ತವನ್ನು ತಿಕೋಟಾದಲ್ಲಿ ಕೊಳ್ಳಲಿಲ್ಲ. ಕುಸುಬಿಯ ಗಾಡಿಯ ಜೊತೆ ವಿಜಾಪುರಕ್ಕೆ ಹೋದಾಗ, ಗುರುತಿನವರಿಲ್ಲದ ಜೋರಾಪುರ ಪೇಟೆಯ ಅಂಗಡಿಯಲ್ಲಿ ಕೊಂಡು ತರುತ್ತಿದ್ದ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಬಲಮಗ್ಗುಲಿನ ಹುಣ್ಣಿಗೆ ಬೇಕು. ಅಜ್ಜ ಕದ ಹಾಕಿಕೊಂಡು ಕನ್ನಡಿ ಹಿಡಿದು ನೋಡಿಕೊಳ್ಳುತ್ತಿದ್ದ; ಹೆಂಡತಿ ಅಕ್ಕನಾಗಮ್ಮನಿಗೂ ತೋರಿಸಲಿಲ್ಲ. ಮದುವೆಗೆ ಬಂದ ಮಗಳು ಮನೆಯಲ್ಲಿದ್ದಳು. ಕುಷ್ಠದ ಮನೆಯಿಂದ ಹೆಣ್ಣು ತರುವವರು ಯಾರು?

ದೀಪಾವಳಿ ಕಳೆದ ಮೇಲೆ ಧೋತರದ ಕಲೆಯ ಬಗೆ ಬದಲಾಯಿತು. ಸುತ್ತ ಕಂದು ಉಂಗುರ, ನಡುವೆ ಬೆಂದಂತೆ ಗಟ್ಟಿಯಾದ ಗುರುತು. ರುದ್ರವ್ವ ತಣ್ಣೀರಿನಲ್ಲಿ ನೆನೆ ಹಾಕಿದಳು, ಸವಳು ಮಣ್ಣು ಹಚ್ಚಿ ತಿಕ್ಕಿದಳು, ಬಿಡಲಿಲ್ಲ. ಆಗ ಅವಳಿಗೆ ತಿಳಿಯಿತು. ನೆತ್ತರಿನ ಕಲೆಗೆ ಯಾರೋ ಬಿಸಿನೀರು ಹಾಕಿದ್ದಾರೆ. ಬಿಸಿನೀರು ಬಿದ್ದರೆ ನೆತ್ತರು ನೂಲಿನೊಳಗೇ ಕೂತುಬಿಡುತ್ತದೆ ಎಂಬುದು ಮೈನೆರೆದ ಹುಡುಗಿಗೂ ಗೊತ್ತು. ಆದ್ದರಿಂದ ತೊಳೆದದ್ದು ಹೆಂಗಸಲ್ಲ. ಸ್ನಾನದ ಹಂಡೆಯ ನೀರಿನಲ್ಲಿ ಗಂಡಸೇ ಕದ್ದು ತೊಳೆದುಕೊಂಡಿದ್ದಾನೆ. ಹುಟ್ಟಿದಾಗಿನಿಂದ ಒಂದು ಕರವಸ್ತ್ರ ಹಿಂಡದ ಗಂಡಸು ಕದ್ದು ಬಟ್ಟೆ ತೊಳೆಯುತ್ತಾನೆಂದರೆ ಅವನಿಗೆ ಜೀವದ ಹೆದರಿಕೆ ಇರಬೇಕು, ಇಲ್ಲವೇ ಮಾನದ್ದು.

ಅಷ್ಟು ತಿಳಿದೂ ಅವಳು ಸುಮ್ಮನಿದ್ದಳು. ಇದನ್ನು ನಾನು ಮುಚ್ಚಿಡುವುದಿಲ್ಲ, ಅವಳೂ ಮುಚ್ಚಿಡಲಿಲ್ಲ. ಮೂರು ತಿಂಗಳು ಸುಮ್ಮನಿದ್ದಳು.

ಮಾಘಮಾಸದಲ್ಲಿ ಬಬಲೇಶ್ವರದಿಂದ ಸೋನಾಬಾಯಿ ಬಂದಳು. ರುದ್ರವ್ವ ಮಗಳನ್ನು ಅಲ್ಲಿಗೆ ಕೊಟ್ಟಿದ್ದಳು. ಅಲ್ಲಿಯ ಇಪ್ಪತ್ತು ಮನೆಗಳ ಬಟ್ಟೆ ಅವಳ ಪಾಲು. ಬಂದವಳು ಕಾಲು ತೊಳೆದುಕೊಂಡು ಕೂತ ಕೂಡಲೇ ಸುದ್ದಿ ಬಿಚ್ಚಿದಳು.

‘ಯವ್ವಾ, ನಮ್ಮೂರ ಮುರಿಗೆಪ್ಪ ಸಾವಕಾರ್ರು ಕಳಿಸ್ಯಾರ. ಶಿವಯೋಗೆಪ್ಪನೋರ ಮಗಳು ಗೌರಾಬಾಯಿನ್ನ ಅವರ ಮಗಗ ತಗೋಬೇಕಂತ ಮಾಡ್ಯಾರ. ಮನಿ ಹ್ಯಾಂಗ ಐತಿ, ಮೈಮ್ಯಾಲ ಏನರೆ ಐತೇನು, ನಿಮ್ಮವ್ವನ್ನ ಕೇಳ್ಕೊಂಡ ಬಾ ಅಂದ್ರು.’

‘ಹುಡಿಗಿ ಮೈಮ್ಯಾಲೇನು?’

‘ಮನಿತನದಾಗ ಯಾರ ಮೈಮ್ಯಾಲಾದ್ರೂ. ನಿನಗ ಗೊತ್ತಲ್ಲಬೇ, ಏನೇನ ಕೇಳ್ತಾರಂತ.’

ರುದ್ರವ್ವ ಎಲೆಗೆ ಸುಣ್ಣ ಹಚ್ಚಿದಳು. ಇಲ್ಲ ಎಂದರೆ ಸುಳ್ಳು. ಇದೆ ಎಂದರೆ, ಇರುವುದು ಏನೆಂದು ಅವಳಿಗೇ ಗೊತ್ತಿಲ್ಲ. ಹುಡುಗಿಯ ಬಾಳು ಮಾತ್ರ ಕೆಡುತ್ತದೆ.

‘ತಡದು ಹೇಳ್ತಾಳಂತ ಅನ್ನು.’

‘ತಡೀಯೂದ್ಯಾಕ? ಹೌದಂದರ ಹೌದು, ಇಲ್ಲಂದರ ಇಲ್ಲ.’

‘ನಾ ಹೇಳಿದಷ್ಟ ಹೇಳ ಬೇ.’

ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಅವಳು ಅಜ್ಜನ ಮುಂದೆ ಹೋಗಿ ನಿಂತಳು. ಕೈಯಲ್ಲಿ ಮಡಚಿದ ಧೋತರವಿತ್ತು. ಅದನ್ನು ಬಿಚ್ಚಿ ಕಲೆಯ ಜಾಗವನ್ನು ಮೇಲೆ ಮಾಡಿ ಕುಸುಬಿಯ ಚೀಲದ ಮೇಲೆ ಹಾಸಿದಳು.

‘ಸಾವಕಾರ್ರ, ಇದನ್ನ ಯಾರು ತೊಳದಾರ?’

‘ಯಾರು ತೊಳೀತಾರ? ನೀನ ತೊಳಿಯಾಕಿ.’

‘ನನಕಿಂತ ಮೊದಲ ತೊಳದಾರ್ರಿ. ಬಿಸಿನೀರಾಗ. ಅಕ್ಕನಾಗಮ್ಮನೋರು ನೆತ್ತರಿಗೆ ಬಿಸಿನೀರ ಹಾಕೂ ಪೈಕಿ ಅಲ್ಲ. ನೀವು ಹಾಕೀರಿ.’

ಅಜ್ಜನಿಗೆ ಸಿಟ್ಟು ಬಂತು. ಸಿಟ್ಟು ಅವನಿಗೆ ಮೂಗಿನ ತುದಿಯಲ್ಲೇ ಇತ್ತು. ‘ನಿನ್ನ ಕೆಲಸ ಒಗಿಯೂದು. ಮಂದಿ ಮೈ ಓದೂದಲ್ಲ’ ಎಂದ.

‘ಓದಬಾರದಿತ್ತರಿ. ಮಠದ ಈರಯ್ಯನೋರದು ಓದಿಯೂ ಬಾಯಿ ಬಿಡಲಿಲ್ಲ. ಇದ ಜಾಗಾ, ಇಂಥದ ಕಲಿ. ಎರಡ ವರ್ಷದಾಗ ಹೋದ್ರು. ಆ ಪಾಪ ಒಂದು ಸಾಕು ನನಗ.’

ಈರಯ್ಯನವರ ಸಾವು ಊರಿಗೆಲ್ಲ ಗೊತ್ತಿತ್ತು. ಅಜ್ಜ ಹಣದ ಗಲ್ಲೆಪೆಟ್ಟಿಗೆಯ ಮೇಲೆ ಕೂತ. ‘ಇದು ದೊಡ್ಡರೋಗ ರುದ್ರವ್ವ. ನನಗ ಗೊತ್ತೈತಿ. ಹುಡಿಗೀದೊಂದ ಲಗ್ನ ಆಗ್ಲಿ, ಆಮ್ಯಾಲ ನಾ ಏನರೆ ಆಗ್ಲಿ’ ಎಂದ. ದೊಡ್ಡರೋಗವೆಂದರೆ ಕುಷ್ಠ.

‘ಬಬಲೇಶ್ವರದವರು ನನ್ನ ಕೇಳ್ಯಾರ್ರಿ. ನಾ ಇನ್ನೂ ಏನೂ ಹೇಳಿಲ್ಲ. ನೀವು ವಿಜಾಪುರಕ್ಕ ಹೋಗಿ ಡಾಕ್ಟರಗ ತೋರಿಸ್ರಿ. ನಾನೂ ಸಂಗಾಟ ಬರ್ತೀನಿ. ಅವರೇನಂತಾರ ನನ್ನ ಕಿವೀಲೆ ಕೇಳಿ ಆಮ್ಯಾಲ ಹೇಳ್ತೀನಿ. ಅಲ್ಲೀತನಕ ಹೇಳೂದಿಲ್ಲ.’

‘ಹೆದರಸ್ತೀ ಏನು?’

‘ಹೌದ್ರಿ’ ಎಂದಳು ರುದ್ರವ್ವ.

ಉತ್ತರ ತಡವಾದರೆ ಬಬಲೇಶ್ವರದವರು ಏನೋ ಇದೆ ಎಂದೇ ತಿಳಿಯುತ್ತಾರೆ. ಅದು ಇಬ್ಬರಿಗೂ ಗೊತ್ತಿತ್ತು. ಅಂದು ರಾತ್ರಿಯೇ ಅಜ್ಜ ಹೆಂಡತಿಗೆ ತೋರಿಸಿದ. ಅಕ್ಕನಾಗಮ್ಮ ಅಳಲಿಲ್ಲ, ‘ಮೂರ ವರ್ಷ ನನ್ನ ಬಾಜೂಕ ಮಲಗಿ ಮುಚ್ಚಿಟ್ರಿ’ ಎಂದಷ್ಟೇ ಅಂದಳು. ನಾಲ್ಕನೆಯ ದಿನ ಗಾಡಿ ಕಟ್ಟಿದರು. ಇಟ್ಟಂಗಿಹಾಳದ ಹತ್ತಿರ ಎತ್ತಿಗೆ ನೀರು ಕುಡಿಸಿ, ಬಿಸಿಲೇರುವ ಹೊತ್ತಿಗೆ ವಿಜಾಪುರ ಸೇರಿದರು.

ಸ್ಟೇಷನ್ ರಸ್ತೆಯಲ್ಲಿ ಡಾಕ್ಟರ್ ಅಬ್ದುಲಸಮದರ ದವಾಖಾನೆ ಇತ್ತು. ಯುದ್ಧದ ಕಾಲದಲ್ಲಿ ಪುಣೆಯ ಮಿಲಿಟರಿ ದವಾಖಾನೆಯಲ್ಲಿ ದುಡಿದು ಬಂದವರು. ಮಾತು ಕಡಿಮೆ, ಕಣ್ಣು ಚುರುಕು. ಅಜ್ಜನ ಧೋತರ ಸಡಿಲಿಸಿ, ಬೆಳಕಿಗೆ ತಿರುಗಿಸಿ, ಮೊದಲು ಒಂದು ಗುಂಡುಸೂಜಿ ತೆಗೆದುಕೊಂಡು ಬಿಳಿ ಪಟ್ಟೆಯ ಮೇಲೆ ಚುಚ್ಚಿದರು. ಅಜ್ಜ ಹಾರಿಬಿದ್ದ.

‘ನೋಯ್ತೇನ್ರಿ?’

‘ನೋಯಲಾರದೇನ್ರಿ, ಸೂಜಿ ಅದು.’

‘ಹಂಗಾರ ಕುಷ್ಠ ಅಲ್ಲ. ಕುಷ್ಠದ ಮಚ್ಚಿಗೆ ಸೂಜಿ ಹೋಗಿದ್ದು ತಿಳಿಯೂದಿಲ್ಲ. ತೊನ್ನೂ ಅಲ್ಲ. ತೊನ್ನು ಧೋತ್ರದ ಗೆರಿ ಹಿಡಕೊಂಡ ಬರೂದಿಲ್ಲ.’

ಅಕ್ಕನಾಗಮ್ಮ ಆಗ ಅತ್ತಳಂತೆ. ಡಾಕ್ಟರು ತಡೆದರು. ಇನ್ನೂ ಮುಗಿದಿಲ್ಲ ಎಂದರು. ನಲವತ್ತು ವರ್ಷ ಒಂದೇ ಜಾಗದಲ್ಲಿ ಬಿಗಿದು ಕಟ್ಟಿ, ಬೆವರು ಕೂತು, ತಿಕ್ಕಿ ತಿಕ್ಕಿ ಚರ್ಮ ಬಣ್ಣ ಬಿಟ್ಟಿದೆ; ಆಮೇಲೆ ದಪ್ಪವಾಗಿ ಒಡೆದಿದೆ. ಈಗ ಅದು ಬರಿಯ ಹುಣ್ಣಲ್ಲ. ಅಂಚು ಮೇಲೆದ್ದು ಹೊರಕ್ಕೆ ಮಡಚಿಕೊಂಡಿದೆ, ಮುಟ್ಟಿದರೆ ಗಟ್ಟಿ. ಮುಂಬಯಿಯ ಡಾಕ್ಟರುಗಳು ಧೋತರ ಉಡುವವರ ಸೊಂಟದಲ್ಲಿ ಇಂಥದನ್ನು ಕಂಡಿದ್ದಾರೆ. ಇದಕ್ಕೆ ಕ್ಯಾನ್ಸರ್ ಎನ್ನುತ್ತಾರೆ.

ರುದ್ರವ್ವ ಬಾಗಿಲ ಬಳಿ ನಿಂತಿದ್ದಳು. ಅಲ್ಲಿಂದಲೇ ಕೇಳಿದಳು.

‘ಮಕ್ಕಳಿಗೆ ಬರ್ತೈತೇನ್ರಿ?’

‘ಇಲ್ಲ.’

‘ಅಂಟತೈತೇನ್ರಿ?’

‘ಇಲ್ಲವ್ವ. ನೀ ಆ ಧೋತ್ರ ಹತ್ತ ವರ್ಷ ಒಗದರೂ ನಿನಗ ಅಂಟೂದಿಲ್ಲ.’

‘ಹಿಂಗ ಬಿಟ್ಟರ?’

‘ತೊಡಿಸಂದಿ ಗಂಟಿಗೆ ಇಳೀತೈತಿ. ಆಮ್ಯಾಲ ಕೊಲ್ಲತೈತಿ.’

ಅವರು ಅಜ್ಜನ ತೊಡೆಸಂದಿಯನ್ನು ಒತ್ತಿ ನೋಡಿದರು. ಸಣ್ಣ ಗಂಟಿತ್ತು. ಆದರೆ ಮೆತ್ತಗಿತ್ತು, ಬೆರಳಿಗೆ ಜರುಗುತ್ತಿತ್ತು. ಇದು ಹುಣ್ಣಿನ ಕೀವಿನಿಂದ ಬಂದದ್ದಿರಬೇಕು, ಗುಳಿಗೆಗೆ ಇಳಿದರೆ ಒಳ್ಳೆಯದು. ಕಲ್ಲಿನಂತೆ ಗಟ್ಟಿಯಾಗಿ ಅಲ್ಲೇ ಕಚ್ಚಿಕೊಂಡಿದ್ದರೆ ಕೆಟ್ಟದ್ದು ಎಂದು ವಿವರಿಸಿದರು. ಹುಣ್ಣಿನ ಅಂಚಿನಿಂದ ಕಡಲೆಯಷ್ಟು ತುಣುಕು ಕತ್ತರಿಸಿ ಸೀಸೆಯಲ್ಲಿ ಹಾಕಿ, ಪರೀಕ್ಷೆಗೆ ಟಪಾಲಿನಲ್ಲಿ ಪುಣೆಗೆ ಕಳಿಸಿದರು. ಮೈಲುತುತ್ತ ಒತ್ತಿದ್ದಕ್ಕೆ ಚೆನ್ನಾಗಿ ಬೈದರು ಕೂಡ.

ಅಂದು ರುದ್ರವ್ವ ಬೇರೆ ಮಾತುಗಳನ್ನೂ ಕೇಳಿಕೊಂಡು ಬಂದಳು. ನಾನು ನರ್ಸಿಂಗ್ ಓದುವಾಗ ಪುಸ್ತಕದಲ್ಲಿ ಕಂಡದ್ದು ಅವಳಿಗೆ ಆಗಲೇ ಬಾಯಿಪಾಠ. ಮೂಗಿನ ಮೇಲೋ ಕಣ್ಣಿನ ಕೆಳಗೋ ಹೊಳೆಯುವ ಗುಳ್ಳೆ ಎದ್ದು, ನಡುವೆ ಕುಳಿ ಬಿದ್ದು, ವರ್ಷಗಟ್ಟಲೆ ಮಾಯದೆ ಉಳಿದರೆ ಅದೂ ಇದೇ ಕುಲ. ನಿಧಾನ ಬೆಳೆಯುತ್ತದೆ, ದೂರ ಹೋಗುವುದಿಲ್ಲ, ಆದರೆ ಇದ್ದಲ್ಲಿ ತಿನ್ನುತ್ತಾ ಹೋಗುತ್ತದೆ. ಸುಟ್ಟಗಾಯದ ಹಳೆಯ ಕಲೆ ಇಪ್ಪತ್ತು ವರ್ಷದ ಮೇಲೆ ಬಿರಿದು ಹುಣ್ಣಾದರೆ ಸುಮ್ಮನಿರಬಾರದು. ಬರಿಗಾಲಿನವರ ಅಂಗಾಲಿನಲ್ಲಿ ಕರಿ ಮಚ್ಚೆ ಬೆಳೆದು, ಅಂಚು ಸೊಟ್ಟಗಾಗಿ, ಬಣ್ಣ ಕಲೆಸಿ ನೆತ್ತರು ಬಂದರೆ ಅದು ಎಲ್ಲಕ್ಕಿಂತ ಅವಸರದ್ದು. ಅವತ್ತೇ ಗಾಡಿ ಕಟ್ಟಬೇಕು. ಯಾವ ಹುಣ್ಣಾದರೂ ತಿಂಗಳಾದರೂ ಮಾಯದಿದ್ದರೆ ತೋರಿಸಬೇಕು. ನೋವಿಲ್ಲವೆಂದು ಸುಮ್ಮನಿರುವುದೇ ದೊಡ್ಡ ತಪ್ಪು. ಇಷ್ಟನ್ನು 1946ರಲ್ಲಿ ತಿಕೋಟಾದಲ್ಲಿ ಬಲ್ಲವಳು ಅವಳೊಬ್ಬಳೇ ಇದ್ದಳು ಎಂದು ನಾನು ಪಂದ್ಯ ಕಟ್ಟುತ್ತೇನೆ.

ಹದಿನೇಳು ದಿನಕ್ಕೆ ಪುಣೆಯಿಂದ ಕಾಗದ ಬಂತು. ಡಾಕ್ಟರು ಅಂದದ್ದೇ ಸರಿ. ಗುಳಿಗೆಗೆ ತೊಡೆಯ ಗಂಟೂ ಇಳಿದಿತ್ತು. ಮಿರಜಿನ ದೊಡ್ಡ ದವಾಖಾನೆಗೆ ಚೀಟಿ ಬರೆದುಕೊಟ್ಟರು. ಅಥಣಿ ದಾರಿಯ ಇದ್ದಲಿ ಗ್ಯಾಸಿನ ಬಸ್ಸಿನಲ್ಲಿ ಅಜ್ಜ ಅಜ್ಜಿ ಹೊರಟರು.

ಅಲ್ಲಿ ಒಂದು ತಕರಾರು ಎದ್ದಿತು. ಕೊಯ್ಯುವ ಮುಂಚೆ ಸೊಂಟದ ಉಡದಾರ ತೆಗೆಯಬೇಕೆಂದರು. ನಮ್ಮಲ್ಲಿ ಗಂಡಸಿನ ಉಡದಾರ ಹರಿಯುವುದು ಹೆಣದ ಮೇಲಿಂದ. ‘ಅದನ್ನ ತಗದರ ನಾ ಸತ್ತಂಗ, ಕೊಯ್ಯೂದ್ಯಾಕ ಮತ್ತ?’ ಎಂದು ಅಜ್ಜ ಮಂಚದ ಮೇಲೆ ಹಟ ಹಿಡಿದು ಕೂತ. ಒಂದು ದಿನ ಹಾಗೇ ಹೋಯಿತು. ಮರುದಿನ ಅಜ್ಜಿ ಯಾರನ್ನೂ ಕೇಳದೆ ಉಡದಾರ ಬಿಚ್ಚಿ, ಅವನ ಕೊರಳಿನ ಶಿವದಾರದ ಜೊತೆ ಸುತ್ತಿ ಗಂಟು ಹಾಕಿ, ‘ಇನ್ನ ಇದು ಲಿಂಗದ ಕೂಡ ಇರತೈತಿ, ಇದಕಿಂತ ಮ್ಯಾಲಿನ ಜಾಗಾ ಯಾವ್ದೈತಿ?’ ಎಂದಳು. ಅಜ್ಜ ಕೊಯ್ಯಿಸಿಕೊಳ್ಳಲು ಎದ್ದ.

ಹುಣ್ಣನ್ನೂ ಅದರ ಸುತ್ತ ಒಂದು ಬೆರಳು ಒಳ್ಳೆಯ ಚರ್ಮವನ್ನೂ ಸೇರಿಸಿ ತೆಗೆದರು. ಅಂಗೈಯಷ್ಟು ಬರಿದಾದ ಜಾಗಕ್ಕೆ ತೊಡೆಯ ತೆಳ್ಳನೆಯ ಚರ್ಮ ತಂದು ಹೊಚ್ಚಿದರು. ಇಪ್ಪತ್ತೆರಡು ದಿನ ಮಲಗಿದ್ದು, ಯುಗಾದಿಯ ಹೊತ್ತಿಗೆ ಅಜ್ಜ ನಡೆದುಕೊಂಡು ಊರಿಗೆ ಬಂದ. ಇನ್ನು ಸೊಂಟಕ್ಕೆ ಏನನ್ನೂ ಬಿಗಿಯಬಾರದು, ಮೂರು ತಿಂಗಳಿಗೊಮ್ಮೆ ತೋರಿಸಬೇಕು ಎಂದು ಕಟ್ಟಪ್ಪಣೆ. ವಿಜಾಪುರದ ಸ್ಟೇಷನ್ ರಸ್ತೆಯ ದರ್ಜಿ ಹೆಗಲಿಗೆ ಎರಡು ಪಟ್ಟಿ ಹಾಕಿದ ದೊಗಳೆ ಚಣ್ಣ ಹೊಲಿದುಕೊಟ್ಟ. ಐವತ್ತರ ಸಾವುಕಾರ ಶಾಲೆಗೆ ಹೋಗುವ ಹುಡುಗನ ವೇಷದಲ್ಲಿ ಅಂಗಡಿಗೆ ಬಂದದ್ದು ನೋಡಿ ತಿಕೋಟಾ ಒಂದು ತಿಂಗಳು ನಕ್ಕಿತು. ನಾನು ಕಂಡ ಅಜ್ಜ ಆ ಪಟ್ಟಿ ಚಣ್ಣದವನೇ. ಇನ್ನೂ ಇಪ್ಪತ್ತಮೂರು ವರ್ಷ ಅದೇ ವೇಷದಲ್ಲಿ ಬದುಕಿದ.

ಊರಿಗೆ ಬಂದ ವಾರಕ್ಕೆ ಅಜ್ಜ ರುದ್ರವ್ವನನ್ನು ಕರೆಸಿದ. ‘ನಾ ಆರಾಮಾದೆ. ಈಗ ಬಬಲೇಶ್ವರದವರಿಗೆ ಏನೂ ಇಲ್ಲ ಅಂತ ಹೇಳಿಬಿಡು’ ಎಂದ.

‘ಇದ್ದದ್ದು ಇದ್ದಂಗ ಹೇಳ್ತೀನ್ರಿ. ಇತ್ತು, ಕೊಯ್ದು ತಗದಾರ, ಅಂಟೂದಲ್ಲ, ವಂಶಕ್ಕ ಬರೂದಲ್ಲ ಅಂತೀನಿ.’

‘ಅಷ್ಟ ಹೇಳಿದರ ಅವರು ಉಳದದ್ದ ತಾವ ಕಟ್ಕೋತಾರ. ಲಗ್ನ ಮುರೀತೈತಿ.’

‘ಮುರದರ ಈಗ ಮುರೀಲಿ. ಲಗ್ನ ಆದಮ್ಯಾಲ ನಿಮ್ಮ ನಡದ ಗುರುತ ನೋಡಿ ಹುಡಿಗೀಗೆ ಅಂದರ? ಅಲ್ಲಿ ಬಾಳ್ವಿ ಮಾಡಾಕಿ ಅಕಿ, ನೀವಲ್ಲ.’

ಲಗ್ನ ಮುರಿದರೆ ಈ ಮನೆಯ ಹೊಸ್ತಿಲು ತುಳಿಯಬೇಡ ಎಂದ ಅಜ್ಜ. ಉಪಕಾರ ಮರೆಯುವುದಕ್ಕೆ ಗಂಡಸಿಗೆ ಎಂಟು ದಿನ ಸಾಕು. ರುದ್ರವ್ವ ಮರುದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಬಲೇಶ್ವರದ ದಾರಿ ಹಿಡಿದಳು.

ಮುರಿಗೆಪ್ಪನವರು ಪಡಸಾಲೆಯಲ್ಲಿ ಒಬ್ಬರೇ ಕೂತಿದ್ದರು. ಐವತ್ತೈದರ ಮನುಷ್ಯ. ಎರಡು ತಿಂಗಳು ಉತ್ತರ ಬಾರದ್ದರಿಂದ ಬೇರೆ ಹೆಣ್ಣು ನೋಡಲು ಹೊರಟಿದ್ದರು. ರುದ್ರವ್ವ ಮೆಟ್ಟಿಲ ಮೇಲೆ ಕೂತು, ಬಿಳಿ ಪಟ್ಟೆಯಿಂದ ಹಿಡಿದು ಮಿರಜಿನವರೆಗೆ ಒಂದೂ ಬಿಡದೆ ಹೇಳಿದಳು. ಹೇಳಿ ಮುಗಿಸಿ, ಅವರು ಹುಡುಗಿಯ ಬಗ್ಗೆ ಕೇಳುತ್ತಾರೆಂದು ಕಾದಳು. ಅವರು ಹುಡುಗಿಯ ಸುದ್ದಿಯನ್ನೇ ತೆಗೆಯಲಿಲ್ಲ.

‘ಮೊದಲ ಬರೇ ಬಿಳುಪಿತ್ತೇನು?’

‘ಹೌದ್ರಿ.’

‘ಅಂಚ ಗಟ್ಟಿ ಅಂದೆಲ್ಲ. ಎಷ್ಟ ಗಟ್ಟಿ?’

‘ಕಿವಿ ಎಲುಬಿನಷ್ಟು ಅಂದ್ರು.’

‘ತೊಡಿಸಂದಿ ಗಂಟು ಜರಗಲಿಲ್ಲಂದರ?’

ರುದ್ರವ್ವ ತಲೆಯೆತ್ತಿ ಅವರ ಸೊಂಟ ನೋಡಿದಳು. ಧೋತರದ ಬಿಗಿತದ ಕೆಳಗೆ, ಎಡಮಗ್ಗುಲಿಗೆ, ಮಡಚಿಟ್ಟ ಅರಿವೆಯ ಉಬ್ಬು ಕಾಣುತ್ತಿತ್ತು.

‘ಸಾವಕಾರ್ರ, ನಿಮಗ ಎಷ್ಟ ದಿನಾ ಆತ್ರಿ?’

ಮುರಿಗೆಪ್ಪನವರು ಗೋಡೆಯ ಕಡೆ ಮುಖ ಮಾಡಿದರು. ‘ಮೂರನೇ ವರ್ಷ ನಡದೈತಿ’ ಎಂದರು. ಆಮೇಲೆ, ‘ಲಗ್ನ ಆಗ್ಲಿ ಅಂತ ಶಿವಯೋಗೆಪ್ಪನೋರಿಗೆ ಹೇಳು. ಲಗೂನ ಆಗ್ಲಿ. ಆ ಡಾಕ್ಟರ ಹೆಸರೇನಂದಿ?’

ಮರುವಾರವೇ ಅವರು ವಿಜಾಪುರಕ್ಕೆ ಹೋದರು, ಅಲ್ಲಿಂದ ಮಿರಜಿಗೂ ಹೋದರು. ಹುಣ್ಣನ್ನು ತೆಗೆದರು, ತೊಡೆಸಂದಿಯ ಗಂಟನ್ನೂ ಬಂದಷ್ಟು ತೆಗೆದರು, ಉಳಿದದ್ದಕ್ಕೆ ಕ್ಷ-ಕಿರಣ ಕೊಟ್ಟರು. ಗಂಟು ಒಳಗಿನ ರಕ್ತನಾಳಕ್ಕೆ ಕಚ್ಚಿಕೊಂಡಿತ್ತು; ಒಂದು ವರ್ಷ ಮೊದಲು ಬಂದಿದ್ದರೆ ಆಗುತ್ತಿತ್ತು ಎಂದರಂತೆ ಅಲ್ಲಿಯ ಡಾಕ್ಟರು. ವೈಶಾಖದಲ್ಲಿ ನನ್ನ ತಂದೆತಾಯಿಗಳ ಮದುವೆ ಆಯಿತು. ಮುರಿಗೆಪ್ಪನವರು ಕುರ್ಚಿಯ ಮೇಲೆ ಕೂತೇ ಅಕ್ಷತೆ ಹಾಕಿದರು. ಮುಂದಿನ ಕಾರ್ತಿಕದಲ್ಲಿ ತೀರಿಕೊಂಡರು. ತಂದೆಯ ತಂದೆಯನ್ನು ನಾನು ನೋಡಲಿಲ್ಲ. ಸೊಸೆಯಾಗಿ ಆರು ತಿಂಗಳು ಅವರ ಗಾಯದ ಪಟ್ಟಿ ಬದಲಿಸಿದ ನನ್ನ ತಾಯಿ, ಅಂಥ ಮಾವ ಯಾರಿಗೂ ಸಿಗಲಿಕ್ಕಿಲ್ಲ ಎನ್ನುತ್ತಿದ್ದಳು.

ರುದ್ರವ್ವ ಮುದುಕಿಯಾದ ಮೇಲೆ ನನಗೆ ಇದನ್ನೆಲ್ಲ ಹೇಳುವಾಗ ಅಜ್ಜನನ್ನು ಉಳಿಸಿದೆನೆಂದು ಒಮ್ಮೆಯೂ ಜಂಬ ಕೊಚ್ಚಲಿಲ್ಲ. ಬಬಲೇಶ್ವರದ ಆ ಪಡಸಾಲೆಯಿಂದ ಎದ್ದು ನೇರ ಮಗಳ ಮನೆಗೆ ಹೋದದ್ದನ್ನು ಮಾತ್ರ ಮತ್ತೆ ಮತ್ತೆ ಹೇಳುತ್ತಿದ್ದಳು. ಸೋನಾಬಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳಂತೆ.

‘ಸೋನಾ, ಮುರಿಗೆಪ್ಪನೋರ ಧೋತ್ರದಾಗ ನಿನಗ ಕಲಿ ಕಂಡಿದ್ದಿಲ್ಲೇನ?’

‘ಕಂಡಿತ್ತಬೇ. ಎರಡ ವರ್ಷ ಆತು.’

‘ಮತ್ತ ಮಾಘದಾಗ ತಿಕೋಟಾಕ್ಕ ಬಂದಾಗ ನನ್ನ ಮುಂದ ಯಾಕ ಹೇಳಲಿಲ್ಲ?’

ಸೋನಾಬಾಯಿ ರೊಟ್ಟಿ ತಿರುವಿ ಹಾಕಿದಳು.

‘ಹೆಣ್ಣಿನ ಮನಿ ಹ್ಯಾಂಗೈತಿ ಕೇಳ್ಕೊಂಡ ಬಾ ಅಂತ ಕಳಿಸಿದ್ರು, ಕೇಳಿದೆ. ಗಂಡಿನ ಮನಿ ಹ್ಯಾಂಗೈತಿ ಅಂತ ನೀವ್ಯಾರೂ ಕೇಳಲಿಲ್ಲಲ್ಲಬೇ.’